ನೀಲಿ ಹಂತಕ್ಕೆ ಒಲೆ ಕಟ್ಟಿದ ಕಾಕಾ

ಕಾಕಾ ಅವರ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬೈಕುಲ್ಲಾದ ಬಟ್ಟೆ ಗಿರಣಿಯೊಂದರ ಬಣ್ಣ ಹಾಕುವ ವಿಭಾಗದಲ್ಲಿ ಇಪ್ಪತ್ತು ವರ್ಷ ಉಗಿಯ ಕೊಳವೆಗಳನ್ನು ಮುಟ್ಟಿ ಮುಟ್ಟಿ ಚರ್ಮ ನುಣುಪಾಗಿ, ಮೇಣ ಹಚ್ಚಿದಂತೆ ಹೊಳೆಯುತ್ತಿತ್ತು. ಪ್ರಯೋಗಾಲಯದಲ್ಲಿ ನಾವು ಮುಟ್ಟಿದ ಗಾಜಿನ ಮೇಲೆ ಬೆರಳಚ್ಚು ಮೂಡಿ ಮತ್ತೆ ತೊಳೆಯಬೇಕಾಗುತ್ತಿತ್ತು. ಅವರು ಹಿಡಿದರೆ ಗುರುತೇ ಇಲ್ಲ. "ನಿಮ್ಮ ಕೆಲಸಕ್ಕಂತನ ದೇವರು ನನ್ನ ಬೆರಳು ಸವಿಸ್ಯಾನ ನೋಡ್ರಿ" ಎಂದು ನಗುತ್ತಿದ್ದರು.

ಗಿರಣಿ ಮುಚ್ಚಿದ ಮೇಲೆ ಅವರು ಪವಾಯಿಯ ನಮ್ಮ ಪ್ರಯೋಗಾಲಯಕ್ಕೆ ತಾತ್ಕಾಲಿಕ ಮೆಕ್ಯಾನಿಕ್ ಆಗಿ ಬಂದಿದ್ದರು. ಆರಾರು ತಿಂಗಳಿಗೊಮ್ಮೆ ನೇಮಕದ ಆದೇಶ ಹೊಸದಾಗಬೇಕು. ವಿಜಾಪುರದ ಕಡೆಯವರು. ನಾನು ಮಾಟುಂಗಾದಲ್ಲಿ ಬೆಳೆದವಳು. ಅಪ್ಪ ಮೈಸೂರಿನಿಂದ ಬಂದು ಫೋರ್ಟಿನ ಬ್ಯಾಂಕೊಂದರಲ್ಲಿದ್ದರು. ಪ್ರಯೋಗಾಲಯದ ಮಹಡಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನಗಿಂತ ಮೂವತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಮರ್ಯಾದೆಯಿಂದ ಬಾಯಾರ ಎಂದೇ ಕರೆಯುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಆ ವರ್ಷಗಳನ್ನು ನೆನೆದರೆ ಈಗಲೂ ಮೈ ಸೋಲುತ್ತದೆ. ಬೆಳಿಗ್ಗೆ ಲೋಕಲ್‌ನಲ್ಲಿ ನಿಂತೇ ಕಾಂಜೂರ್‌ಮಾರ್ಗಕ್ಕೆ, ಅಲ್ಲಿಂದ ಬಸ್ಸು, ಆಮೇಲೆ ಇಡೀ ದಿನ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂರುವುದು. ನನ್ನ ಪಿಎಚ್.ಡಿ. ವಿಷಯ ದ್ರವ ಸ್ಫಟಿಕಗಳ ನೀಲಿ ಹಂತ. ಕೊಲೆಸ್ಟ್ರಾಲ್‌ನಿಂದ ಮಾಡಿದ ಒಂದು ವಸ್ತುವನ್ನು ಎರಡು ಗಾಜುಗಳ ನಡುವೆ ತೆಳ್ಳಗೆ ಹರಡಿ, ಕಾಯಿಸಿ ಕರಗಿಸಿ, ನಿಧಾನವಾಗಿ ಆರಿಸುತ್ತ ಬರಬೇಕು. ಒಂದು ಹದದಲ್ಲಿ ಇದ್ದಕ್ಕಿದ್ದಂತೆ ನೀಲಿ, ಹಸಿರು ಹರಳುಗಳು ಚೂರುಚೂರಾಗಿ ಅರಳುತ್ತವೆ. ಆ ಹದ ಒಂದು ಡಿಗ್ರಿಯಷ್ಟೂ ಇಲ್ಲ. ಸ್ವಲ್ಪ ಹೆಚ್ಚಾದರೆ ಬರೀ ಕಪ್ಪು, ಸ್ವಲ್ಪ ಕಡಿಮೆಯಾದರೆ ಎಲ್ಲ ಕದಡಿಹೋಗುತ್ತದೆ. ಆ ಹರಳುಗಳಿಗೆ ವಿದ್ಯುತ್ ಕೊಟ್ಟರೆ ಬಣ್ಣ ಹೇಗೆ ಬದಲಾಗುತ್ತದೆ ಎಂದು ನೋಡುವುದು ನನ್ನ ಕೆಲಸ.

ಆ ಹದವನ್ನು ಹಿಡಿದಿಡುವಂಥ ಹೊರದೇಶದ ಒಲೆ ತರಿಸುವ ಶಕ್ತಿ ನಮಗಿರಲಿಲ್ಲ. ಕಾಕಾ ಕಟ್ಟಿದರು. ಹಿತ್ತಾಳೆಯ ದಿಮ್ಮಿ ಕೊರೆದು, ತಂತಿ ಸುತ್ತಿ, ಒಂದರೊಳಗೊಂದು ಎರಡು ಗೂಡು ಮಾಡಿ, ನಡುವೆ ಗಾಜಿನುಣ್ಣೆ ತುಂಬಿದರು. ನಾಲ್ಕು ಸಲ ಕೆಟ್ಟಿತು, ಐದನೆಯ ಸಲ ನಿಂತಿತು. ಡಿಗ್ರಿಯ ನೂರನೇ ಒಂದು ಪಾಲೂ ಅಲುಗಾಡದೆ ಇಡೀ ಮಧ್ಯಾಹ್ನ ಹರಳುಗಳು ಹಾಗೇ ಇದ್ದವು. ಅಂದು ಕಾಕಾ ಸ್ಟೂಲಿನ ಮೇಲೆ ಕೂತು, "ಬಾಯ್ಲರ್ ಕಾಯೋದು ಇದಕ್ಕಿಂತ ಹಗೂರ ಇತ್ರಿ" ಎಂದರು.

ಆಮೇಲೆ ನನಗೊಂದು ಫಲಿತಾಂಶ ಸಿಕ್ಕಿತು. ವಿದ್ಯುತ್ ಕೊಟ್ಟಾಗ ಹಸಿರು ಹರಳುಗಳು ಪೂರಾ ನೀಲಿಗೆ ತಿರುಗುತ್ತಿದ್ದವು. ಅಷ್ಟು ದೊಡ್ಡ ಬದಲಾವಣೆಯನ್ನು ಯಾರೂ ವರದಿ ಮಾಡಿರಲಿಲ್ಲ. ನನ್ನ ಗೈಡ್ ಮೂರು ಸಲ ನೋಡಿ, ಕೈ ಕುಲುಕಿ, ಲೇಖನ ಬರೆಯಲು ಹೇಳಿದರು. ಪ್ರಯೋಗಾಲಯಕ್ಕೆ ಹಣ ಬರುತ್ತಿದ್ದ ಸಂಶೋಧನಾ ಯೋಜನೆ ಮುಂದುವರಿಯುವುದೂ ಇದರ ಮೇಲೇ ನಿಂತಿತ್ತು. ಯೋಜನೆ ಮುಂದುವರಿದರೆ ಕಾಕಾ ಅವರ ಕೆಲಸವೂ ಕಾಯಂ ಆಗುತ್ತದೆಂದು ಗೈಡ್ ಮಾತು ಕೊಟ್ಟಿದ್ದರು.

ಲೇಖನ ಟೈಪಾಗಿ ಬಂದ ದಿನ ಕಾಕಾಗೂ ಬಣ್ಣ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಕರೆಂಟ್ ತಗೀರಿ" ಎಂದರು. ತೆಗೆದೆ. ಮತ್ತೆ ಕೊಡಿಸಿದರು, ಮತ್ತೆ ತೆಗೆಸಿದರು. ಕೊನೆಗೆ ಕಣ್ಣು ಎತ್ತದೆಯೇ ಕೇಳಿದರು:

"ಹೊಳ್ಳಿ ಹಸರ ಆಗಾಕ ಎಷ್ಟೊತ್ತು ಹಿಡೀತೈತ್ರಿ?"

"ಅರ್ಧ ನಿಮಿಷ ಆಗಬಹುದು. ಯಾಕೆ ಕಾಕಾ?"

"ಕರೆಂಟಿಗೆ ಇಷ್ಟು ಆಲಸ್ಯ ಇರೂದಿಲ್ರಿ ಬಾಯಾರ. ಇದು ಕಾವಿನ ನಡಿಗಿ."

ಅವರು ಹೇಳಿದ್ದು ತಕ್ಷಣ ಅರ್ಥವಾಯಿತು. ವಸ್ತುವಿನಲ್ಲಿದ್ದ ಕಲ್ಮಶದಿಂದಾಗಿ ವಿದ್ಯುತ್ ಸೋರಿ, ಗಾಜುಗಳ ನಡುವೆಯೇ ಆ ವಸ್ತು ಬಿಸಿಯಾಗುತ್ತಿತ್ತು. ಕಾದರೆ ಹಸಿರು ನೀಲಿಯಾಗುತ್ತದೆಂಬುದು ನಮಗೆ ಮೊದಲೇ ಗೊತ್ತಿತ್ತು. ಒಲೆಯ ತಾಪಮಾಪಕ ಇದ್ದುದು ಹಿತ್ತಾಳೆಯಲ್ಲಿ. ಗಾಜಿನೊಳಗಿನ ಬಿಸಿ ಅದಕ್ಕೆ ತಿಳಿಯುತ್ತಿರಲಿಲ್ಲ.

"ಕಾಕಾ, ಇದು ಸುಳ್ಳಾದರೆ ಯೋಜನೆ ನಿಲ್ಲುತ್ತೆ. ನಿಮ್ಮ ಕೆಲಸ..."

"ಗೊತ್ತೈತ್ರಿ" ಎಂದರು. ಕೈಯೊರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಒಲಿ ನಂದು. ನನ್ನ ಒಲಿ ಮ್ಯಾಲೆ ಸುಳ್ಳು ಬೇಯಬಾರದು."

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಕಾಕಾ ಕೂಡ ಹೇಳಲಿಲ್ಲ. ನನ್ನನ್ನು ಕೇಳಲೂ ಇಲ್ಲ. ಎಂದಿನಂತೆ ಚಹಾ ತಂದಿಟ್ಟು ಹೋಗುತ್ತಿದ್ದರು. ಆ ಚಹಾ ಕುಡಿಯುವುದೇ ಕಷ್ಟವಾಯಿತು. ಮೂರನೆಯ ದಿನ ಗೈಡ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಲೇಖನವನ್ನು ಡ್ರಾಯರಿಗೆ ಸೇರಿಸಿದರು. ಲೇಖನ ಅಂಚೆಗೆ ಹೋಗಲಿಲ್ಲ. ಯೋಜನೆ ಮುಂದುವರಿಯಲಿಲ್ಲ. ಕಾಕಾ ಅವರ ಆದೇಶ ಮತ್ತೆ ಬರಲಿಲ್ಲ.

ಕೊನೆಯ ದಿನ ಅವರು ಒಲೆಯನ್ನೆಲ್ಲ ಬಿಚ್ಚಿ, ಒರೆಸಿ, ತಿರುಗಿ ಜೋಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಕರೆಂಟ್ ಒಮ್ಮೆಲೆ ಕೊಡಬ್ಯಾಡ್ರಿ. ಚೂರು ಕೊಟ್ಟು ಬಿಡ್ರಿ, ಆರಲಿ, ಮತ್ತ ಚೂರು ಕೊಡ್ರಿ. ಕಾವು ಕೂಡಾಕ ಟೈಮ್ ಕೊಡಬಾರದು" ಎಂದರು. ನಾನು ತಲೆಯಾಡಿಸಿದೆ. ಕ್ಷಮಿಸಿ ಎನ್ನಬೇಕೆಂದಿದ್ದೆ. ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಯೋಜನೆ ನಿಂತರೂ ನನ್ನ ವಿದ್ಯಾರ್ಥಿವೇತನ ಇತ್ತು, ಒಲೆಯೂ ಉಳಿದಿತ್ತು. ಅವರು ಹೇಳಿದಂತೆಯೇ ಮಾಡಿದೆ. ವಸ್ತುವನ್ನು ಮತ್ತೆ ಮತ್ತೆ ಶುದ್ಧಿ ಮಾಡಿ, ವಿದ್ಯುತ್ತನ್ನು ಮಿಣುಕು ಮಿಣುಕಾಗಿ ಕೊಟ್ಟು, ಎರಡು ವರ್ಷ ಕೂತೆ. ಕೊನೆಗೆ ನಿಜವಾದ ಬದಲಾವಣೆ ಕಂಡಿತು. ತೀರ ಪುಟ್ಟದು. ಅದೂ ನೀಲಿಯ ಕಡೆಗಲ್ಲ. ಹಸಿರು ತುಸುವೇ ಹಳದಿಗೆ ವಾಲುತ್ತಿತ್ತು. ವಿದ್ಯುತ್ ತೆಗೆದೊಡನೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ. ಯಾರೂ ಕೈ ಕುಲುಕಲಿಲ್ಲ. ಆದರೆ ಆ ಫಲಿತಾಂಶ ಗಟ್ಟಿಯಾಗಿ ನಿಂತಿತು, ಪದವಿಯೂ ಬಂತು.

ಕಾಕಾ ಆಗ ಬೈಕುಲ್ಲಾದ ಬೇಕರಿಯೊಂದರಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದಾರೆಂದು ಕೇಳಿದ್ದೆ. ಪ್ರಬಂಧದ ಪ್ರತಿ ತೆಗೆದುಕೊಂಡು ಹೋಗಬೇಕು ಎಂದುಕೊಂಡೆ. ಈ ಭಾನುವಾರ, ಮುಂದಿನ ಭಾನುವಾರ. ದಣಿವು, ಹೊಸ ಕೆಲಸ, ಮಳೆಗೆ ನಿಂತ ಲೋಕಲ್. ನೆಪಗಳಿಗೆ ಬರವಿರಲಿಲ್ಲ. ನಿಜ ಹೇಳಬೇಕೆಂದರೆ ಅವರ ಮುಖ ನೋಡಲು ಅಳುಕಿತ್ತು. ನನ್ನ ಪ್ರಯೋಗಕ್ಕಾಗಿ ಅವರ ಕೆಲಸ ಹೋಗಿತ್ತು.

ಎಂಟು ತಿಂಗಳ ಮೇಲೆ ಕೊನೆಗೂ ಅವರ ಮನೆಗೆ ಹೋದೆ. ಚಾಳಿನ ಮೂರನೆಯ ಮಾಳಿಗೆಯ ಬಾಗಿಲು ತೆರೆದವರು ಕಾಕು, ಅವರ ಹೆಂಡತಿ. ಕಾಕಾ ತೀರಿಕೊಂಡು ಮೂರು ವಾರವಾಗಿತ್ತು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ನಾನು ಯಾರೆಂದು ಹೇಳಿದೊಡನೆ ಕಾಕು ನನ್ನ ಕೈ ಹಿಡಿದು ಒಳಗೆ ಕೂರಿಸಿಕೊಂಡರು.

"ನೀನs ಏನವ್ವಾ ಆ ಬಾಯಾರು? ನಿನ್ನ ಭಾಳ ನೆನಸ್ತಿದ್ರು. 'ನನ್ನ ಒಂದು ಮಾತಿಗೆ ಆ ಹುಡುಗೀವು ಎರಡು ವರ್ಷ ಹಾಳಾದುವು, ಈಗ ಯಾವ ಮಾರಿ ಹೊತ್ತು ಅಕಿನ್ನ ನೋಡಾಕ ಹೋಗಲಿ' ಅಂತಿದ್ರು. ಹೌದೇನವ್ವಾ? ಹಾಳಾದುವೇನು?"

ಅವರಿಗೆ ಹೇಳಬೇಕಾಗಿದ್ದುದನ್ನು ಅವರ ಹೆಂಡತಿಗೆ ಹೇಳಿದೆ.

"ಇಲ್ಲ ಕಾಕು. ಒಂದು ದಿನವೂ ಹಾಳಾಗಲಿಲ್ಲ."