ಖಾಲಿಯಾಗಿ ಬರುತ್ತಿದ್ದ ಡಬ್ಬಿ

ನಿಮಗೂ ಹೀಗಾಗಿದೆಯಾ? ಮಗುವಿನ ಊಟದ ಡಬ್ಬಿ ಖಾಲಿಯಾಗಿ ವಾಪಸ್ ಬಂತೆಂದು ಖುಷಿಪಟ್ಟು, ಖಾಲಿ ಮಾಡಿಸಿದವರು ಯಾರೆಂದು ಕೇಳುವುದನ್ನೇ ಮರೆತಿದ್ದೀರಾ? ನಾನು ಮರೆತಿದ್ದೆ.

ಮೊನ್ನೆ ಒಂಬತ್ತನೇ ಕ್ಲಾಸಿನ ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ಏನೂ ಅಗಿಯಲಾಗದೆ ಒದ್ದಾಡಿದಳು. ಚಪಾತಿ ಚೂರು ಮಾಡಿ, ಬಿಸಿ ತೊವ್ವೆಯಲ್ಲಿ ನೆನೆಸಿ ಕಿವುಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಗಾನಗರದ ಪ್ಲೇಹೋಮ್‌ನ ಆಯಮ್ಮ ಕಣ್ಣ ಮುಂದೆ ಬಂದು ಕೂತರು...

ಆಗ ಮಗಳಿಗೆ ಮೂರೂವರೆ ವರ್ಷ. ಬಾಯಲ್ಲಿ ಹಾಲಿನ ಬಾಟಲಿ ಇಲ್ಲದೆ ಮಲಗುತ್ತಿರಲಿಲ್ಲ. ಎರಡು ಚಮಚ ಸಕ್ಕರೆ ಹಾಕಿ ಕೊಟ್ಟರೆ ಐದೇ ನಿಮಿಷಕ್ಕೆ ನಿದ್ದೆ. ಆಫೀಸಿನಿಂದ ಸುಸ್ತಾಗಿ ಬಂದವಳಿಗೆ ಇನ್ನೇನು ಬೇಕು?

ಆಯಮ್ಮ ರಾಜಾನುಕುಂಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಊಟದ ಹೊತ್ತಿಗೆ ಮಕ್ಕಳ ಎದುರು ಚಕ್ಕಳಮಕ್ಕಳ ಹಾಕಿ ಕೂತು, ತಟ್ಟೆಗಳನ್ನಲ್ಲ, ಬಾಯಿಗಳನ್ನು ನೋಡುತ್ತಿದ್ದರು. ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

“ಮೇಡಮ್ಮೋರೇ, ಮಗು ಬಲಗಡೆ ಅಗಿಯಾದೇ ಇಲ್ಲ. ಒಳಗಡೆ ಅಲ್ಲು ಕರ್ರಗಾಗೈತೆ. ಒಸಿ ಡಾಕ್ಟ್ರಿಗೆ ತೋರ್ಸಿ.”

“ಹಾಲುಹಲ್ಲು ತಾನೇ ಆಯಮ್ಮ? ಹೇಗಿದ್ರೂ ಬಿದ್ದೋಗತ್ತೆ ಬಿಡಿ.”

“ಬೀಳೋಗಂಟ ಮಗು ಏನ್ ತಿನ್ನಾದು?”

ಪಕ್ಕದಲ್ಲಿದ್ದ ಇನ್ನೊಬ್ಬ ಅಮ್ಮ ಕಿಸಕ್ಕನೆ ನಕ್ಕಳು. ನನಗೆ ಉರಿದುಹೋಯಿತು. “ಊಟ ಮಾಡ್ಸೋದು ನಿಮ್ ಕೆಲ್ಸ. ಅಷ್ಟು ಮಾಡಿ ಸಾಕು,” ಅಂದುಬಿಟ್ಟೆ.

ಆಯಮ್ಮ ಮತ್ತೆ ಆ ಮಾತೆತ್ತಲಿಲ್ಲ. ಡಬ್ಬಿ ಮಾತ್ರ ದಿನಾ ತೊಳೆದಿಟ್ಟಂತೆ ಖಾಲಿಯಾಗಿ ಬರತೊಡಗಿತು. “ನೋಡ್ರೀ, ನಿಮ್ ಮಗಳು ಎರಡೂ ಚಪಾತಿ ತಿಂತಾಳೆ. ಹಲ್ಲು ನೋವಂತೆ, ಹಲ್ಲು ನೋವು!” ಎಂದು ಗಂಡನ ಮುಂದೆ ಮೆರೆದೆ.

ಒಂದು ಸೋಮವಾರ ಡಬ್ಬಿ ತುಂಬಿಯೇ ವಾಪಸ್ ಬಂತು. ಮಂಗಳವಾರವೂ. ಬುಧವಾರ ಮಗಳ ಕೆನ್ನೆ ಊದಿಕೊಂಡು ಮೈ ಕಾಯುತ್ತಿತ್ತು. ಯಾಕೆ ತಿನ್ನಲಿಲ್ಲ ಪುಟ್ಟಾ ಎಂದರೆ, “ಆಯಮ್ಮ ಬರ್ಲಿಲ್ಲ. ಯಾರೂ ಮೆತ್ತಗೆ ಮಾಡ್ಕೊಡ್ಲಿಲ್ಲ,” ಅಂದಳು.

ನಾನು ಬಯ್ದ ಮೇಲೂ ಆ ಹೆಂಗಸು ದಿನಾ ನನ್ನ ಮಗುವಿನ ಚಪಾತಿಯನ್ನು ತೊವ್ವೆಯಲ್ಲಿ ಕಿವುಚಿ, ಎಡಗಡೆಗೇ ತುತ್ತಿಟ್ಟು ತಿನ್ನಿಸುತ್ತಿದ್ದರು.

ಆರ್.ಟಿ. ನಗರದ ಹಲ್ಲಿನ ಡಾಕ್ಟರು ಎರಡು ದವಡೆ ಹಲ್ಲು ಕೀಳಬೇಕಾಯಿತು. “ಇವು ಬೀಳೋಕೆ ಇನ್ನೂ ಆರೇಳು ವರ್ಷ ಇತ್ತಲ್ಲಮ್ಮಾ. ಮೊದ್ಲು ಆ ಬಾಟಲಿ ನಿಲ್ಸಿ,” ಅಂದರು. ಆರೇಳು ವರ್ಷ... ಆಯಮ್ಮ ಕೇಳಿದ್ದು ಅದನ್ನೇ ಅಲ್ಲವೇ? ಖಾಲಿ ಜಾಗಕ್ಕೆ ಪಕ್ಕದ ಹಲ್ಲು ಸರಿದು, ಹೊಸ ಹಲ್ಲು ಸೊಟ್ಟಗೆ ಬಂದದ್ದಕ್ಕೇ ಈಗಿನ ಕ್ಲಿಪ್ಪು.

ಕ್ಷಮೆ ಕೇಳಲು ಮುಖವಿರಲಿಲ್ಲ. ಹುಡುಕಿಕೊಂಡು ಹೋಗುವುದನ್ನು ಇವತ್ತು, ನಾಳೆ ಎಂದು ತಳ್ಳಿದೆ. ಆ ಸೋಮವಾರ ತಮ್ಮ ಮಗಳ ಬಾಣಂತನಕ್ಕೆಂದು ಹೋದ ಆಯಮ್ಮ ವಾಪಸ್ ಬರಲೇ ಇಲ್ಲ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಪ್ಲೇಹೋಮೂ ಮುಚ್ಚಿತು. ಕೊನೆಗೊಂದು ಭಾನುವಾರ ರಾಜಾನುಕುಂಟೆಗೆ ಹೋಗಿ ಬಸ್‌ಸ್ಟಾಪಿನ ಅಂಗಡಿಯಲ್ಲಿ ವಿಚಾರಿಸಿದೆ.

“ಯಾವ ಆಯಮ್ಮ? ಎಸ್ರೇನಕ್ಕಾ?”

ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳು ನನ್ನ ಮಗುವಿಗೆ ಉಣ್ಣಿಸಿದವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ...

ಮೊನ್ನೆ ಮಗಳು ಕಿವುಚಿದ ಚಪಾತಿ ತಿಂದು ತಟ್ಟೆ ಖಾಲಿ ಮಾಡಿದಳು. ನಾನು ಎದುರಿಗೆ ಕೂತು ಅವಳ ಬಾಯನ್ನೇ ನೋಡುತ್ತಿದ್ದೆ. ನೋಡುವುದನ್ನು ಕಲಿಸಿದವರಿಗೆ ಹೇಳಲು ಮಾತ್ರ ದಾರಿಯಿಲ್ಲ.

ನಿಮ್ಮ ಮಗುವಿನ ನೋವನ್ನು ನಿಮಗಿಂತ ಮೊದಲು ಕಂಡವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಅದಕ್ಕೂ ಮೊದಲು, ಅವರ ಹೆಸರು ಕೇಳಿಕೊಂಡು ಬನ್ನಿ.