ಡಿಸ್ಕಿಗೆ ಬಿದ್ದ ನಾಮ

ನಮ್ಮ ಸುಬ್ರಮಣಿ ಡಿಸ್ಕ್ ಹಾಕಿದರೆ ರುಬ್ಬುವ ಕಲ್ಲು ಕೂಡ ಆನ್ ಆಗಿ ‘ಸುಸ್ವಾಗತ’ ಎನ್ನುತ್ತದೆ. ಸುಳ್ಳೆನ್ನುವವರು ರಾಬರ್ಟ್‌ಸನ್‌ಪೇಟೆಯ ಅವನ ಅಂಗಡಿಗೆ ಕಲ್ಲು ಹೊತ್ತುಕೊಂಡು ಬರಬಹುದು. ಅಂಗಡಿ ಎಷ್ಟು ಚಿಕ್ಕದೆಂದರೆ, ಕಲ್ಲು ಒಳಗೆ ಬರಬೇಕಾದರೆ ಸುಬ್ರಮಣಿ ಹೊರಗೆ ನಿಲ್ಲಬೇಕು.

ಮೊದಲು ಅವನು ಜನರಿಗೆ ಕ್ಯಾಸೆಟ್ಟಿನಲ್ಲಿ ಹಾಡು ತುಂಬಿಸಿಕೊಡುತ್ತಿದ್ದ. ಆಮೇಲೆ ಸಿಡಿ, ಅದಾದ ಮೇಲೆ ಕಂಪ್ಯೂಟರ್ ರಿಪೇರಿ. ಕೆಟ್ಟು ಕೂತ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕುವುದೆಂದರೆ ಅದರ ತಲೆ ತೊಳೆದು ಹೊಸ ಬುದ್ಧಿ ತುಂಬುವ ಕೆಲಸ. ಊರೆಲ್ಲ ಅದನ್ನು ಪೆನ್‌ಡ್ರೈವಿನಲ್ಲಿ ಮಾಡುವ ಕಾಲ ಬಂದರೂ ಇವನು ಮಾತ್ರ ಡಿಸ್ಕ್ ಬಿಡಲಿಲ್ಲ.

“ಪೆನ್‌ಡ್ರೈವು ಊರೂರು ಸುತ್ತಿ ಕಾಯಿಲೆ ಅಂಟಿಸ್ಕೊಂಡು ಬತ್ತದಣ್ಣ,” ಎನ್ನುತ್ತಿದ್ದ. “ಡಿಸ್ಕು ಅಂಗಲ್ಲ. ಬರ್ದಿದ್ದು ಬರ್ದಂಗೇ ಇರ್ತದೆ. ಗುಂಡಗಿರೋದು ಯಾವ್ದೂ ಮೋಸ ಮಾಡಲ್ಲ. ಚಕ್ರ ನೋಡು, ಮುದ್ದೆ ನೋಡು.”

“ನಿನ್ನ ಹೊಟ್ಟೆ ನೋಡು,” ಎನ್ನುತ್ತಿದ್ದೆ ನಾನು.

ಆಯುಧಪೂಜೆಯ ಮಾರನೆಯ ದಿನ ಬಂಗಾರಪೇಟೆ ಕಡೆಯ ಹಳ್ಳಿಯೊಂದರ ಮಹಿಳಾ ಡೈರಿಯಿಂದ ಅವನಿಗೆ ಫೋನ್ ಬಂತು. ಹಸುವಿಗೆ ಹಬ್ಬದ ರಜೆ ಗೊತ್ತಿಲ್ಲವಲ್ಲ. ಮಾತಾಡಿದವಳು ಡೈರಿಯ ಕಾರ್ಯದರ್ಶಿ ಪುಷ್ಪ.

“ಕಂಪ್ಯೂಟರ್ ಏಳ್ತಾನೇ ಇಲ್ಲಣ್ಣ. ಸಂಜೆ ಹಾಲು ಅಳೆಯೋ ಒತ್ಗೆ ಸರಿ ಓಗ್ಲೇಬೇಕು. ಇಲ್ದಿದ್ರೆ ಇನ್ಮೇಲೆ ಬಂಗಾರಪೇಟೆ ಪೆನ್‌ಡ್ರೈವಿನವ್ರನ್ನೇ ಕರೀರಿ ಅಂತ ಎಲ್ರೂ ಗಲಾಟೆ ಮಾಡ್ತಾವ್ರೆ.”

ಸುಬ್ರಮಣಿಯ ಮುಖ ಸಣ್ಣದಾಯಿತು. ಅವನ ಡಿಸ್ಕನ್ನು ನಂಬಿ ಇನ್ನೂ ಕರೆಯುತ್ತಿದ್ದ ಡೈರಿ ಅದೊಂದೇ. ಊಟ ಬಿಟ್ಟು ಸ್ಕೂಟರ್ ಹತ್ತಿದ. ಅವನಿಗೆ ಧೈರ್ಯ ಹೇಳಲೆಂದು ಹಿಂದೆ ನಾನೂ ಹತ್ತಿದೆ. ಡೈರಿ ಮುಟ್ಟುವವರೆಗೂ ಬಾಯಿ ಮುಚ್ಚದೆ ಧೈರ್ಯ ಹೇಳಿದೆ.

ದೇವರನ್ನು ನೆನೆದು, ಕಣ್ಣು ಮುಚ್ಚಿಕೊಂಡೇ ಡಿಸ್ಕ್ ಹಾಕುವುದು ಅವನ ಪದ್ಧತಿ. ಹಾಗೇ ಹಾಕಿದ. ಡ್ರೈವು ತಿರುಗಿದ ಸದ್ದಿಗೆ, ಮಾರಿಕುಪ್ಪಂ ರೈಲು ಹಳಿ ಬಿಟ್ಟು ಡೈರಿಗೇ ನುಗ್ಗಿತೆಂದು ಹೊರಗೆ ಕಟ್ಟಿದ್ದ ಎಮ್ಮೆಗಳು ಹಗ್ಗ ಕಿತ್ತವು. ಪರದೆಯ ಮೇಲೆ ಗೆರೆ ತೆವಳುತ್ತಾ ಅರ್ಧಕ್ಕೆ ಬಂತು. ನಿಂತಿತು. ಫೈಲ್ ಓದಲಾಗುತ್ತಿಲ್ಲ ಎಂದಿತು.

ಮತ್ತೆ ಹಾಕಿದ. ಮತ್ತೆ ಅರ್ಧಕ್ಕೇ ನಿಂತಿತು.

“ಕರೆಂಟು ಸರಿಗಿಲ್ಲ,” ಎಂದ ಸುಬ್ರಮಣಿ. ಇನ್ನೊಂದು ಸಲ ನಿಂತಾಗ, “ಇಲಿ ವೈರು ಕಡಿದೈತೆ,” ಎಂದ. ಮತ್ತೂ ನಿಂತಾಗ ನನ್ನ ಕಡೆ ತಿರುಗಿ, “ಅಣ್ಣ, ನೀನು ಒಸಿ ಸುಮ್ಕಿರು, ಅದಕ್ಕೆ ಗಾಬ್ರಿ ಆಯ್ತದೆ,” ಎಂದ.

ಅಷ್ಟರಲ್ಲಿ ಹೆಂಗಸರು ಕ್ಯಾನು ಹಿಡಿದು ಬರತೊಡಗಿದರು. ಸಾಲು ರಸ್ತೆ ದಾಟಿತು, ಕೆರೆ ದಾಟಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಆಂಧ್ರದಲ್ಲಿ ನಿಲ್ಲುತ್ತಿತ್ತು.

“ಅಣ್ಣ, ಬಂಗಾರಪೇಟೆಗೆ ಫೋನ್ ಮಾಡ್ಲಾ?” ಪುಷ್ಪ ಮೆಲ್ಲಗೆ ಕೇಳಿದಳು.

ಸುಬ್ರಮಣಿ ಡಿಸ್ಕನ್ನು ಹೊರತೆಗೆದ. ಸಾಲಿನ ಮುಂದೆ ನಿಂತಿದ್ದ ಅಮ್ಮಾಜಮ್ಮ, ಡೈರಿಗೆಲ್ಲ ಹಿರಿಯಳು, ಅದರ ಹೊಳೆಯುವ ಮಗ್ಗುಲನ್ನು ಬಗ್ಗಿ ನೋಡಿದಳು.

“ಏನ್ ನಾಯ್ನಾ, ತಟ್ಟೆಗೆ ನಾಮ ಹಾಕಿದ್ದೀಯೋ, ನಮ್ಗೇ ಹಾಕ್ತಾ ಇದ್ದೀಯೋ?”

ನೋಡಿದರೆ, ಡಿಸ್ಕಿನ ಅರ್ಧದಿಂದ ಅಂಚಿನವರೆಗೆ ಎರಡು ಬಿಳಿ ಪಟ್ಟೆ, ನಡುವೆ ಕುಂಕುಮ. ತಿರುಪತಿ ತಿಮ್ಮಪ್ಪನೇ ಬಂದು ಹಣೆ ಒತ್ತಿ ಹೋದ ಹಾಗಿತ್ತು! ಆಯುಧಪೂಜೆಯಲ್ಲಿ ಸ್ಕ್ರೂಡ್ರೈವರಿಗೆ, ಸ್ಕೂಟರಿಗೆ ಇಟ್ಟವನು ಡಿಸ್ಕಿಗೂ ಇಟ್ಟಿದ್ದ. ಡ್ರೈವು ಒಳಗಿನಿಂದ ಓದುತ್ತಾ ಬಂದು ದೇವರ ಹತ್ತಿರ ನಿಂತುಬಿಡುತ್ತಿತ್ತು.

“ಲೇ, ಹೆಸರು ಬರೆದ ಕಡೆ ಇಡಬಾರದಿತ್ತೇನ್ಲಾ?” ಎಂದೆ.

“ಮುಖಕ್ಕೆ ತಾನೆ ಇಡೋದು? ಒಳೆಯೋದೇ ಮುಖ ಅಲ್ವೇನಣ್ಣ?” ಎಂದ, ಅಳುವ ದನಿಯಲ್ಲಿ.

ಪುಷ್ಪ ಹಾಲು ಸೋಸುವ ಹೊಸ ಬಟ್ಟೆಯೊಂದನ್ನು ಒದ್ದೆ ಮಾಡಿ ತಂದಳು. ಸುಬ್ರಮಣಿ ‘ಗೋವಿಂದಾ’ ಎನ್ನುತ್ತಾ ನಡುವಿನಿಂದ ಅಂಚಿಗೆ ಒರೆಸಿದ, ಆರಿಸಿದ, ಈ ಸಲ ಕಣ್ಣು ಬಿಟ್ಟುಕೊಂಡು ಹಾಕಿದ. ಹೆಂಗಸರೆಲ್ಲ ಕಿಟಕಿಗೆ ಮುತ್ತಿಕೊಂಡರು. ಗೆರೆ ಅರ್ಧಕ್ಕೆ ಬಂದಾಗ ಕ್ಯಾನುಗಳೊಳಗಿನ ಹಾಲು ಕೂಡ ಅಲುಗಲಿಲ್ಲ. ದಾಟಿತು! ಸೂರ್ಯ ಮುಳುಗುವ ಮೊದಲೇ ಕಂಪ್ಯೂಟರ್ ಎದ್ದಿತು, ಅಮ್ಮಾಜಮ್ಮನ ಹಾಲಿನ ಚೀಟಿ ಪ್ರಿಂಟರಿನಿಂದ ಕಿರ್ರೆಂದು ಹೊರಬಂತು.

“ಕೆಟ್ರೆ ಇನ್ಮೇಲೂ ನೀನೇ ಬರ್ಬೇಕಣ್ಣ,” ಎಂದಳು ಪುಷ್ಪ. “ಮುಖ ತೊಳ್ಕೊಂಡು ಬಾ. ನಿಂದಲ್ಲ, ಡಿಸ್ಕಿಂದು.”

ಎಲ್ಲರೂ ನಕ್ಕರು. ನಾನು ಅಷ್ಟಕ್ಕೇ ಬಿಡಬೇಕಿತ್ತು.

“ಏನ್ಲಾ ಸುಬ್ರಮಣಿ,” ಎಂದೆ, “ಒಂದು ನಾಮಕ್ಕೆ ನಿಂತುಹೋಗೋದೂ ಒಂದು ವಿದ್ಯೆಯೇ?”

ಅವನು ಸ್ಕೂಟರಿನ ಡಿಕ್ಕಿ ತೆರೆದು ಪೂಜೆಯ ಕುಂಕುಮದ ಪೊಟ್ಟಣ ಹೊರತೆಗೆದ.

“ತಿರುಗ್ತಿರೋದನ್ನ ನಿಲ್ಸೋಕೆ ಇಷ್ಟು ಸಾಕು ಅಂತ ಇವತ್ತೇ ಗೊತ್ತಾಗಿದ್ದು. ಎಲ್ಲಿ, ನಾಲ್ಗೆ ಚಾಚಣ್ಣ.”