ಇಸ್ತ್ರಿ ಅಕ್ಕ ಬರೆದ ಅಂಕಿ

ಬೀದಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೂಲೆಯ ತಗಡಿನ ಅಂಗಡಿಯಲ್ಲಿ ಆಗಲೇ ಕೆಂಡ ಕೆಂಪಾಗಿದೆ. ಇಸ್ತ್ರಿ ಅಕ್ಕ ನೀರಲ್ಲಿ ಅದ್ದಿದ ಬೆರಳನ್ನು ಪೆಟ್ಟಿಗೆಯ ತಳಕ್ಕೆ ತಾಕಿಸುತ್ತಾರೆ. ಚುಯ್ ಎಂದಿತು, ಕೆಲಸ ಶುರು.

ಮೊದಲು ಶಾಲೆಯ ಅಂಗಿಗಳು. ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ: "ದೊಡ್ಡೋರು ಸುಕ್ಕಲ್ಲೂ ಹೋಗ್ತಾರೆ ಕಣಮ್ಮಾ, ಮಕ್ಕಳು ಸುಕ್ಕಲ್ಲಿ ಹೋದ್ರೆ ಬೇರೆ ಮಕ್ಕಳು ನಗ್ತಾರೆ." ಒಂದು ಅಂಗಿಯ ಗುಂಡಿ ನೇತಾಡುತ್ತಿದೆ. ಸೂಜಿ ತೆಗೆದು ನಾಲ್ಕು ಹೊಲಿಗೆ ಹಾಕಿ ಮಡಚಿಡುತ್ತಾರೆ. ಇದಕ್ಕೆ ಲೆಕ್ಕವೂ ಇಲ್ಲ, ಅಂಗಿಯ ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ದಿನಕ್ಕೆ ನೂರಕ್ಕೂ ಹೆಚ್ಚು ಬಟ್ಟೆ. ಮನೆಗೊಂದು ಗಂಟು, ಗಂಟಿನ ಮೇಲೆ ಸೀಮೆಸುಣ್ಣದಲ್ಲಿ ಮನೆಯ ಅಂಕಿ, ಅಂಕಿಯ ಕೆಳಗೊಂದು ಗೆರೆ. ಆ ಗೆರೆಗೊಂದು ಕತೆಯಿದೆ. ಹಿಂದೊಮ್ಮೆ ಗಂಟು ತಲೆಕೆಳಗಾಗಿ ಆರು ಒಂಬತ್ತಾಯಿತು. "ಮೇಷ್ಟ್ರ ಪ್ಯಾಂಟು ಡಾಕ್ಟರಿಗೆ ಹೋಯ್ತು. ಮೇಷ್ಟ್ರು ಕಡ್ಡಿ, ಡಾಕ್ಟರು ಕುಂಬಳಕಾಯಿ! ಅವತ್ತಿಂದ ಗೆರೆ ಎಳೆಯದೆ ಕೈ ಮೇಲೇಳಲ್ಲ."

ಓದುವುದನ್ನು ಅಕ್ಕ ಕಲಿಯಲಿಲ್ಲ. ಕಸುಬನ್ನೂ ಅಂಕಿಗಳನ್ನೂ ಹೇಳಿಕೊಟ್ಟವರು ಅತ್ತೆ. ಮುಂಗೈ ತುಂಬ ಸುಟ್ಟ ಕಲೆಗಳಿವೆ. ಗಂಡ ಸೈಕಲ್ಲಿನಲ್ಲಿ ಗಂಟುಗಳನ್ನು ಮನೆಮನೆಗೆ ಮುಟ್ಟಿಸುತ್ತಾರೆ. ಬೀದಿಯ ಚರಂಡಿ ಕಟ್ಟಿಕೊಂಡು ಯಾರೂ ಕೇಳದಿದ್ದಾಗ ಅಕ್ಕ ದಿನವೂ ಪುರಸಭೆಯ ಬಾಗಿಲಲ್ಲಿ ಕೂತು ಕೆಲಸ ಮಾಡಿಸಿದರು. ಪುರಸಭೆಯ ಮುಂದಿನ ಚುನಾವಣೆಯಲ್ಲಿ ಬೀದಿಯವರೇ ಅವರನ್ನು ನಿಲ್ಲಿಸಿ ಗೆಲ್ಲಿಸಿದರು. ಈಗ ಬೆಳಿಗ್ಗೆ ಇಸ್ತ್ರಿ, ಮಧ್ಯಾಹ್ನ ಪುರಸಭೆ.

ಕಳೆದ ತಿಂಗಳು ಮೇಲ್ಮನೆಯ ಚುನಾವಣೆ ಬಂತು. ಇದರಲ್ಲಿ ಊರಿನವರೆಲ್ಲ ಮತ ಹಾಕುವಂತಿಲ್ಲ. ಅಕ್ಕನಂಥ ಸದಸ್ಯರೇ ಮತದಾರರು. ಅಭ್ಯರ್ಥಿಗಳ ಹೆಸರಿನ ಪಕ್ಕ ಫೋಟೊ ಇರುತ್ತದೆ. ಎಲ್ಲರಿಗಿಂತ ಬೇಕಾದವರ ಮುಂದೆ ಒಂದು, ಆಮೇಲಿನವರ ಮುಂದೆ ಎರಡು ಎಂದು ಅಂಕಿ ಬರೆಯಬೇಕು. ಓದು ಬರಹ ಬಾರದವರು ಕೇಳಿಕೊಂಡರೆ ಜೊತೆಗೊಬ್ಬರನ್ನು ಒಳಗೆ ಕರೆದೊಯ್ಯಬಹುದು.

ಪುರಸಭೆಯಲ್ಲಿ ಅಕ್ಕ ಇರುವ ಗುಂಪಿನ ಮುಖಂಡರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಾರೆ. ಅವರು ಕಾಗದ ಹಿಡಿದು ಅಂಗಡಿಗೇ ಬಂದರು.

"ನಿನಗೆ ಓದು ಬರಹ ಬರಲ್ಲ ಅಂತ ಇದರಲ್ಲಿದೆ. ಸಹಿ ಹಾಕು ತಂಗಿ. ನಮ್ಮ ಕಡೆಯವನೊಬ್ಬ ಜೊತೆಗೆ ಬರ್ತಾನೆ, ಅವನೇ ಎಲ್ಲ ನೋಡ್ಕೋತಾನೆ."

"ಬರೆಯೋಕೆ ಬರಲ್ಲ ಅಂತ ಸಹಿ ಹಾಕೋದಾ ಅಣ್ಣಾ? ಸಹಿ ಹಾಕೋಕೆ ಬಂದ ಕೈಗೆ ಒಂದು ಅಂತ ಬರೆಯೋಕೆ ಬರಲ್ವಾ?"

ದೊಡ್ಡಣ್ಣನ ಮುಖ ಗಂಟಾಯಿತು. "ಮುಂದಿನ ಸಲ ವಾರ್ಡು ಬೇಕೋ ಬೇಡವೋ?"

"ವಾರ್ಡು ಹೋದ್ರೆ ಇಸ್ತ್ರಿ ಇದೆ. ನನ್ನ ಮತ ಇನ್ನೊಬ್ಬರು ನೋಡೋದಾದ್ರೆ ಅದು ನನ್ನದು ಹೇಗಾಗುತ್ತೆ?"

ಮಾತಿನಲ್ಲೇನೋ ಅಕ್ಕ ಗೆದ್ದರು. ಆದರೆ ಮತ ಕೆಟ್ಟರೆ? 'ನಾನು ಆಗಲೇ ಹೇಳಿದ್ದೆ' ಎನ್ನಲು ದೊಡ್ಡಣ್ಣ ಕಾದಿದ್ದರು. ಅಕ್ಕ ಚುನಾವಣಾ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತೆ ಮೇಡಂ ಊಟದ ಡಬ್ಬಿ ಪಕ್ಕಕ್ಕಿಟ್ಟು, ಖಾಲಿ ಹಾಳೆಯಲ್ಲಿ ಐದು ಚೌಕ ಎಳೆದು ಬರೆದು ತೋರಿಸಲು ಹೇಳಿದರು. ಅಕ್ಕ ಬರೆದರು: ಒಂದು, ಕೆಳಗೊಂದು ಗೆರೆ. ಎರಡು, ಕೆಳಗೊಂದು ಗೆರೆ.

"ಅಯ್ಯೋ ಅಕ್ಕಾ, ಈ ಗೆರೆ ಯಾಕೆ? ಅಂಕಿ ಬಿಟ್ಟು ಬೇರೆ ಗುರುತು ಕಂಡ್ರೆ ಮತ ತಿರಸ್ಕಾರ ಆಗಬಹುದು."

ಸರಿಹೋಯಿತಲ್ಲ! ಅಂಕಿ ಗೊತ್ತಿದ್ದೂ ಕೈಯೇ ಶತ್ರುವಾಗಿ ಕೂತಿತು. ಮನೆಯಲ್ಲಿ ಹಳೇ ಕಾಗದದ ತುಂಬ ಅಭ್ಯಾಸ. ಗಂಡ ಎದುರು ಕೂತು ಕಾವಲು. "ಎಳೆದೆ ನೋಡು, ಮತ್ತೆ ಎಳೆದೆ!" ಎಂದು ಅವರು ಕೂಗಿದರೆ, "ಇಷ್ಟು ವರ್ಷದಲ್ಲಿ ಇವರು ನನ್ನನ್ನ ಇಷ್ಟು ಕಣ್ಣಿಟ್ಟು ನೋಡಿದ್ದು ಇದೇ ಮೊದಲು" ಎಂದು ಅಕ್ಕ ನಗುತ್ತಾರೆ. ಇತ್ತ ಅಂಗಡಿಯಲ್ಲಿ ಗಂಟುಗಳಿಗೆ ಗೆರೆ ಬೇಕೇ ಬೇಕು. ಹಗಲು ಎಳೆಯುವುದು, ಸಂಜೆ ಬಿಡುವುದು.

ಮತದಾನದ ದಿನ ಅಕ್ಕ ಒಬ್ಬರೇ ಒಳಗೆ ಹೋದರು. ಅಧಿಕಾರಿ ಕೊಟ್ಟ ಪೆನ್ನಿನಿಂದಲೇ ಬರೆಯಬೇಕು. "ಫೋಟೊ ನೋಡಿದೆ, ಒಂದು ಬರೆದೆ. ಕೈ ತಾನಾಗೇ ಗೆರೆ ಎಳೆಯೋಕೆ ಹೊರಟಿತು. ತಕ್ಷಣ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟೆ! ಉಸಿರು ತಗೊಂಡು ಮತ್ತೆ ಮುಚ್ಚಳ ತೆಗೆದು ಎರಡು ಬರೆದೆ. ಮತ್ತೆ ಮುಚ್ಚಳ."

ಎಣಿಕೆ ಮುಗಿದಾಗ ಇಡೀ ಕ್ಷೇತ್ರದಲ್ಲಿ ತಿರಸ್ಕೃತವಾದ ಮತ ಒಂದೂ ಇರಲಿಲ್ಲ. ಸುದ್ದಿಯನ್ನು ಗುಮಾಸ್ತೆಯೇ ಅಂಗಡಿಗೆ ಬಂದು ಹೇಳಿ ಹೋದರು. ಅವತ್ತು ಅವರ ದುಪಟ್ಟಾ ಎಲ್ಲರದ್ದಕ್ಕಿಂತ ಮೊದಲು ಇಸ್ತ್ರಿಯಾಯಿತು.

ದೊಡ್ಡಣ್ಣನ ಕಡೆಯ ಅಭ್ಯರ್ಥಿ ಕೂದಲೆಳೆಯ ಅಂತರದಲ್ಲಿ ಸೋತಿದ್ದಾರೆ. ಅಂದಿನಿಂದ ದೊಡ್ಡಣ್ಣ ಎರಡು ದಿನಕ್ಕೊಮ್ಮೆ ಅಂಗಿ ಹಿಡಿದು ಬಂದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು ತೆಗೆಯುತ್ತಾರೆ. ನಾನು ಕೂತಿರುವಾಗಲೂ ಬಂದರು, ಈ ಸಲ ನೇರವಾಗಿಯೇ ಕೇಳಿದರು.

"ಆದದ್ದು ಆಯ್ತು ಬಿಡು ತಂಗಿ. ಯಾರಿಗೆ ಹಾಕಿದೆ, ಈಗಲಾದ್ರೂ ಹೇಳು."

ಗಂಡ ಸೈಕಲ್ಲಿಗೆ ಗಂಟು ಕಟ್ಟುತ್ತಲೇ, "ನನಗೇ ಹೇಳಿಲ್ಲ, ನಿಮಗೆ ಹೇಳ್ತಾಳಾ?" ಎಂದರು.

ಅಕ್ಕ ದೊಡ್ಡಣ್ಣನ ಅಂಗಿಯನ್ನು ಹಲಗೆಯ ಮೇಲೆ ಹರಡಿ, ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಾರೆ.

"ಅಣ್ಣಾ, ಈ ಬೀದಿಯವರ ಜೇಬೆಲ್ಲ ನನ್ನ ಕೈ ದಾಟಿ ಹೋಗುತ್ತೆ. ಯಾರ ಜೇಬಲ್ಲಿ ಏನು ಸಿಕ್ತು ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಿಮ್ಮದೂ ಹೇಳಿಲ್ಲ. ಇನ್ನು ನನ್ನದು ಹೇಳ್ತೀನಾ?"